ವಿದ್ಯುತ್ ಕಾರಿನಲ್ಲಿ ಕಲಬುರಗಿಯಿಂದ ಮೊದಲ ದೂರ ಪ್ರಯಾಣ: ಲೆಕ್ಕ, ದಾರಿ ಮತ್ತು ತಯಾರಿ

ಕಲಬುರಗಿ, ಬೀದರ್, ಯಾದಗಿರಿ ಪಟ್ಟಣಗಳಲ್ಲಿ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳು ಈಗ ಅಪರೂಪವೇನಲ್ಲ. ಆದರೆ ಅವುಗಳಲ್ಲಿ ಬಹುಪಾಲು ಊರೊಳಗೇ ಓಡಾಡುತ್ತವೆ. ರಾತ್ರಿ ಮನೆಯಲ್ಲಿ ಚಾರ್ಜ್ ಆಗುತ್ತವೆ, ಹಗಲು ಕಚೇರಿಗೆ, ಶಾಲೆಗೆ, ಮಾರುಕಟ್ಟೆಗೆ ಹೋಗಿ ಬರುತ್ತವೆ. ಹೈದರಾಬಾದಿನ ಆಸ್ಪತ್ರೆಗೋ ಬೆಂಗಳೂರಿನ ಮದುವೆಗೋ ಹೊರಡಬೇಕಾದಾಗ ಅದೇ ಮನೆಯವರು ರೈಲಿನ ಟಿಕೆಟ್ ತೆಗೆಸುತ್ತಾರೆ, ಇಲ್ಲವೇ ಸಂಬಂಧಿಕರ ಡೀಸೆಲ್ ಗಾಡಿ ಕೇಳುತ್ತಾರೆ. ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಏನು ಗತಿ ಎಂಬ ಭಯ ಇದಕ್ಕೆ ಕಾರಣ. ನಮ್ಮ ಭಾಗದಲ್ಲಿ ಆ ಭಯಕ್ಕೆ ಆಧಾರವೂ ಇದೆ. ಬೆಂಗಳೂರಿನ ಸುತ್ತಮುತ್ತಲ ಹೆದ್ದಾರಿಗಳಲ್ಲಿರುವಷ್ಟು ಚಾರ್ಜಿಂಗ್ ಸ್ಟೇಷನ್‌ಗಳು ಇಲ್ಲಿಲ್ಲ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಸರಿಯಾಗಿ ಲೆಕ್ಕ ಹಾಕಿ ಹೊರಟವರಿಗೆ ಈ ಕಾರು ದೂರದ ದಾರಿಯಲ್ಲಿ ಅತ್ಯಂತ ನೆಮ್ಮದಿಯ ವಾಹನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಸಲ ಹೊರಡುವವರು ಒಂದೇ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ತೀರ್ಮಾನಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಯಾವುದೇ ಚಾರ್ಜಿಂಗ್ ಸ್ಟೇಷನ್ ತಲುಪಿದಾಗ, ಅದು ಕೆಟ್ಟು ನಿಂತಿದ್ದರೂ ಇನ್ನೊಂದು ಸ್ಟೇಷನ್‌ಗೆ ಹೋಗುವಷ್ಟು ಚಾರ್ಜ್ ನಿಮ್ಮ ಬ್ಯಾಟರಿಯಲ್ಲಿ ಉಳಿದಿರಬೇಕು. ಸ್ಟೇಷನ್‌ಗಳು ದಟ್ಟವಾಗಿರುವ ದಾರಿಯಲ್ಲಿ ಇದಕ್ಕೆ ಶೇಕಡಾ 10 ಸಾಕಾಗಬಹುದು. ನಮ್ಮ ಜಿಲ್ಲೆಗಳಲ್ಲಿ ಶೇಕಡಾ 20ಕ್ಕಿಂತ ಕೆಳಗೆ ಇಳಿಯದಂತೆ ಯೋಜಿಸುವುದು ಕ್ಷೇಮ. ಸಣ್ಣ ಬ್ಯಾಟರಿಯ ಕಾರಾದರೆ ಶೇಕಡಾ 25 ಇಟ್ಟುಕೊಳ್ಳಿ.

ನಿಮ್ಮ ಕಾರು ನಿಜವಾಗಿ ಎಷ್ಟು ದೂರ ಓಡುತ್ತದೆ

ಜಾಹೀರಾತಿನಲ್ಲಿ ಕಾಣುವ ಅಂಕಿ ಪ್ರಯೋಗಾಲಯದ ರೋಲರ್ ಮೇಲೆ, ನಿಗದಿತ ವೇಗದಲ್ಲಿ ಓಡಿಸಿ ಅಳೆದದ್ದು. ಅದು ಸುಳ್ಳಲ್ಲ, ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಉಪಯುಕ್ತ. ಆದರೆ ಹುಮನಾಬಾದ್ ರಸ್ತೆಯಲ್ಲಿ ನಾಲ್ಕು ಜನ, ಸಾಮಾನು, ಎ.ಸಿ. ಇವೆಲ್ಲ ಸೇರಿದಾಗ ಆ ಅಂಕಿ ಸಿಗುವುದಿಲ್ಲ. ಉದಾಹರಣೆಗೆ 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ನೆಕ್ಸಾನ್ ಇ.ವಿ.ಯ ಪ್ರಮಾಣೀಕೃತ ಓಟ 489 ಕಿ.ಮೀ.; ನಿಜ ಬಳಕೆಯಲ್ಲಿ 350ರಿಂದ 370 ಕಿ.ಮೀ. ಎಂದು ಟಾಟಾ ಕಂಪನಿಯೇ ಹೇಳುತ್ತದೆ. ಹೆದ್ದಾರಿಯ ವೇಗದಲ್ಲಿ ಬೇಸಿಗೆಯಲ್ಲಿ ಓಡಿಸಿದರೆ ಅದೂ ಇಳಿಯುತ್ತದೆ. ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್ ಎಂದರೆ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಆದ್ದರಿಂದ ಮುಂದೆ ಯೂನಿಟ್ ಎಂದೇ ಬರೆಯುತ್ತೇನೆ.

ನಿಮಗೆ ಬೇಕಾದದ್ದು ನಿಮ್ಮ ಕಾರು, ನಿಮ್ಮ ಕಾಲು, ನಮ್ಮ ರಸ್ತೆ ಮೂರೂ ಸೇರಿ ಕೊಡುವ ಅಂಕಿ. ಅದನ್ನು ಅಳೆಯುವುದು ಸುಲಭ. ಒಂದು ಭಾನುವಾರ ಬೆಳಿಗ್ಗೆ ಬ್ಯಾಟರಿ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬನ್ನಿ. ಹೋಗಿ ಬರಲು ಸುಮಾರು 80 ಕಿ.ಮೀ. ಆಗುತ್ತದೆ. ಹೋಗುವುದನ್ನು ಮಾತ್ರ ಅಳೆದು ಬಿಡಬಾರದು. ಗಾಳಿಯ ದಿಕ್ಕು ಮತ್ತು ರಸ್ತೆಯ ಏರಿಳಿತ ಹೋಗುವಾಗಲೂ ಬರುವಾಗಲೂ ಒಂದೇ ಆಗಿರುವುದಿಲ್ಲ. 45 ಯೂನಿಟ್ ಬ್ಯಾಟರಿಯ ಕಾರು 80 ಕಿ.ಮೀ.ಗೆ ಶೇಕಡಾ 27 ಬಳಸಿತು ಎಂದಿಟ್ಟುಕೊಳ್ಳಿ. ಅಂದರೆ ಸುಮಾರು 12 ಯೂನಿಟ್. ಒಂದು ಯೂನಿಟ್‌ಗೆ ಆರೂವರೆ ಕಿ.ಮೀ.ಗಿಂತ ತುಸು ಹೆಚ್ಚು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ತೋರಿಸುವ ಉಳಿದ ಕಿಲೋಮೀಟರುಗಳು ಹಿಂದಿನ ಕೆಲವು ಕಿಲೋಮೀಟರುಗಳ ಚಾಲನೆಯನ್ನು ನೋಡಿ ಮಾಡುವ ಊಹೆ. ಊರೊಳಗೆ ನಿಧಾನವಾಗಿ ಓಡಿಸಿ ಹೆದ್ದಾರಿಗೆ ಇಳಿದವರಿಗೆ ಅದು ಮೊದಲು ಹೆಚ್ಚು ತೋರಿಸಿ, ಆಮೇಲೆ ಸರಸರನೆ ಇಳಿಯುತ್ತದೆ. ಶೇಕಡಾವಾರು ಅಂಕಿ ಮತ್ತು ನೀವು ಬರೆದಿಟ್ಟ ಅಂಕಿ, ಇವೆರಡನ್ನೇ ನಂಬಿ.

ಓಟವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 80 ಕಿ.ಮೀ. ಇದ್ದದ್ದನ್ನು 100ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಕಾಲು ಪಾಲು, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಹೆಚ್ಚು. ಪೆಟ್ರೋಲ್ ಕಾರಿನಲ್ಲೂ ಇದು ನಡೆಯುತ್ತದೆ, ಆದರೆ ಅಲ್ಲಿ ಎಂಜಿನ್ನಿನ ಶಾಖವಾಗಿ ಹೋಗುವ ಇಂಧನವೇ ಬಹಳವಾದ್ದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಹೈದರಾಬಾದಿನ ದಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮೂಲಕ ಹೈದರಾಬಾದಿಗೆ ಸುಮಾರು 220 ಕಿ.ಮೀ. 45 ಯೂನಿಟ್ ಬ್ಯಾಟರಿಯಲ್ಲಿ ಶೇಕಡಾ 20 ಬದಿಗಿಟ್ಟರೆ ಬಳಕೆಗೆ 36 ಯೂನಿಟ್ ಸಿಗುತ್ತದೆ. 80ರ ವೇಗದಲ್ಲಿ ಯೂನಿಟ್‌ಗೆ ಆರೂವರೆ ಕಿ.ಮೀ. ಬಂದರೆ 234 ಕಿ.ಮೀ.; ನಗರ ತಲುಪಿದಾಗಲೂ ಬದಿಗಿಟ್ಟದ್ದು ಹಾಗೇ ಇರುತ್ತದೆ. 100ರ ವೇಗದಲ್ಲಿ ಯೂನಿಟ್‌ಗೆ 5.3 ಕಿ.ಮೀ. ಬಂದರೆ 191 ಕಿ.ಮೀ.; ಪಟಾನ್‌ಚೆರು ಹತ್ತಿರ ಬರುವಷ್ಟರಲ್ಲಿ ಬದಿಗಿಟ್ಟ ಪಾಲಿಗೆ ಕೈ ಹಾಕಬೇಕಾಗುತ್ತದೆ, ಅದೂ ನಗರದ ದಟ್ಟಣೆಯನ್ನು ಎದುರಿಗಿಟ್ಟುಕೊಂಡು. ಇನ್ನು ಸಮಯದ ಮಾತು: ಈ ದಾರಿಯಲ್ಲಿ ಬಿಡುವಾಗಿ ಓಡಿಸಬಹುದಾದ 150 ಕಿ.ಮೀ.ಯನ್ನು 100ರ ಬದಲು 80ರಲ್ಲಿ ಓಡಿಸಿದರೆ ಹೆಚ್ಚಾಗುವುದು 22 ಅಥವಾ 23 ನಿಮಿಷ. ವೇಗವಾಗಿ ಹೋಗಿ ಒಮ್ಮೆ ಹೆಚ್ಚಾಗಿ ಚಾರ್ಜಿಗೆ ನಿಂತರೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ನಿಧಾನವಾಗಿ ಹೋದವರು ಬೇಗ ತಲುಪುವ ಸಂದರ್ಭಗಳು ನಿಜವಾಗಿಯೂ ಇವೆ.

ಎ.ಸಿ.ಯ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಹೆದರುವವರನ್ನು ಕಾಣುತ್ತೇನೆ. ಕಾದ ಕಾರನ್ನು ತಂಪು ಮಾಡುವ ಮೊದಲ ಹತ್ತು ನಿಮಿಷ ಅದು ಹೆಚ್ಚು ಎಳೆಯುತ್ತದೆ. ಆಮೇಲೆ ಗಂಟೆಗೆ ಸರಿಸುಮಾರು ಒಂದರಿಂದ ಒಂದೂವರೆ ಯೂನಿಟ್. ಅದು ಬಳಸುವುದು ಗಂಟೆಯ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಟ್ರಾಫಿಕ್ಕಿನಲ್ಲಿ ನಿಂತಾಗ ಅದರ ಪಾಲು ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಉಳಿಯುವ ಚಾರ್ಜು ಎ.ಸಿ. ಬಂದ್ ಮಾಡಿ ಉಳಿಸುವುದಕ್ಕಿಂತ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನೂ ಹಿರಿಯರನ್ನೂ ಬೆವರಿನಲ್ಲಿ ಕೂರಿಸಿ ಚಾರ್ಜ್ ಉಳಿಸಬೇಕಾಗಿಲ್ಲ. ಹಾಗೆ ಮಾಡಲೂ ಬಾರದು. ಹೊರಡುವ ಮೊದಲು ಚಾರ್ಜರ್ ಸಿಕ್ಕಿಸಿದ್ದಾಗಲೇ ಮೊಬೈಲ್ ಆ್ಯಪ್ ಮೂಲಕ ಎ.ಸಿ. ಹಾಕಿ ಕಾರನ್ನು ತಂಪು ಮಾಡಿಕೊಂಡರೆ ಆ ಮೊದಲ ಹತ್ತು ನಿಮಿಷದ ಖರ್ಚಿನ ಬಹುಪಾಲು ಮನೆಯ ಕರೆಂಟಿನಿಂದಲೇ ಹೋಗುತ್ತದೆ.

ಬಿಸಿಲಿನ ನಿಜವಾದ ತೊಂದರೆ ಬೇರೆ ಕಡೆ ಇದೆ. ಕಾದ ರಸ್ತೆಯ ಮೇಲೆ ಎರಡು ಮೂರು ಗಂಟೆ ಓಡಿಬಂದ ಬ್ಯಾಟರಿಯನ್ನು ನೇರವಾಗಿ ಫಾಸ್ಟ್ ಚಾರ್ಜರಿಗೆ ಸಿಕ್ಕಿಸಿದಾಗ ಕಾರಿನ ನಿಯಂತ್ರಣ ವ್ಯವಸ್ಥೆ ಬ್ಯಾಟರಿಯ ರಕ್ಷಣೆಗಾಗಿ ಚಾರ್ಜಿನ ವೇಗ ಇಳಿಸುತ್ತದೆ. 40 ನಿಮಿಷಕ್ಕೆ ಆಗಬೇಕಾದದ್ದು ಒಂದು ಗಂಟೆ ದಾಟಬಹುದು. ಆದ್ದರಿಂದ ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಟು, 11 ಗಂಟೆಯೊಳಗೆ ಮೊದಲ ಚಾರ್ಜ್ ಮುಗಿಸಿಕೊಳ್ಳುವುದು ಒಳ್ಳೆಯದು. ಮೊದಲ ಪ್ರಯಾಣಕ್ಕೆ ಕಾಲವನ್ನು ಆರಿಸುವ ಸ್ವಾತಂತ್ರ್ಯ ಇದ್ದರೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ನಮ್ಮ ಭಾಗದಲ್ಲಿ ಈ ಕಾರಿಗೆ ಅತ್ಯುತ್ತಮ.

ಮೊದಲು ಬೀದರ್, ಆಮೇಲೆ ಹೈದರಾಬಾದ್

ಮೊದಲ ಸಲವೇ 600 ಕಿ.ಮೀ. ದೂರದ ಬೆಂಗಳೂರಿಗೆ ಹೊರಡಬೇಡಿ. ಕಲಬುರಗಿಯವರಿಗೆ ಬೀದರ್ ಅತ್ಯಂತ ಒಳ್ಳೆಯ ಅಭ್ಯಾಸದ ದಾರಿ. ಬೀದರಿನವರಿಗೆ ಇದೇ ದಾರಿ ತಿರುವುಮುರುವಾಗಿ. ಕಮಲಾಪುರ, ಹುಮನಾಬಾದ್ ದಾಟಿ ಹೋಗಲು ಸುಮಾರು 115 ಕಿ.ಮೀ., ಹೋಗಿ ಬರಲು 230 ಕಿ.ಮೀ. ಆಗುತ್ತದೆ. ಬೀದರ್ ಪಟ್ಟಣ ಕಲಬುರಗಿಗಿಂತ 150 ಮೀಟರಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಜನ ತುಂಬಿದ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಹೆಚ್ಚುವರಿಯಾಗಿ ಸುಮಾರು ಒಂದು ಯೂನಿಟ್, ಅಂದರೆ ಐದಾರು ಕಿ.ಮೀ. ಓಟದಷ್ಟು ಚಾರ್ಜ್ ಬೇಕು. ಮರಳುವಾಗ ಅದರಲ್ಲಿ ಒಂದು ಪಾಲು ನಿಮಗೆ ವಾಪಸ್ ಸಿಗುತ್ತದೆ. ಹೋಗುವಾಗ ಶೇಕಡಾ 42 ಖರ್ಚಾಗಿ ಬರುವಾಗ 38 ಖರ್ಚಾದರೆ ಕಾರಿನಲ್ಲಿ ಏನೋ ದೋಷವಿದೆ ಎಂದು ಗಾಬರಿಯಾಗಬೇಡಿ.

ದೊಡ್ಡ ಬ್ಯಾಟರಿಯವರಿಗೆ ಈ ದಾರಿಯಲ್ಲಿ ಚಾರ್ಜ್ ಮಾಡುವ ಅಗತ್ಯವೇ ಬೀಳದಿರಬಹುದು. ಆದರೂ ಬೀದರಿನಲ್ಲಿ ಒಮ್ಮೆ ಕಡ್ಡಾಯವಾಗಿ ಚಾರ್ಜ್ ಮಾಡಿ, ಏಕೆಂದರೆ ಅಪರಿಚಿತ ಚಾರ್ಜರ್ ಬಳಸುವ ಅಭ್ಯಾಸಕ್ಕಾಗಿಯೇ ಈ ಪ್ರಯಾಣ. ಅವಸರವಿಲ್ಲದ ದಿನ, ಸಾಕಷ್ಟು ಚಾರ್ಜ್ ಇರುವಾಗಲೇ ಅದನ್ನು ಕಲಿಯಬೇಕು. ಕೋಟೆ ನೋಡಿ, ಗುರುದ್ವಾರ ನಾನಕ್ ಝೀರಾ ಸಾಹಿಬ್‌ಗೆ ಹೋಗಿ ಬರಲು ಹೇಗೂ ಮೂರು ಗಂಟೆ ಬೇಕು. 7 ಕಿಲೋವ್ಯಾಟಿನ, ಅಂದರೆ ಗಂಟೆಗೆ 7 ಯೂನಿಟ್ ತುಂಬುವ, ನಿಧಾನ ಚಾರ್ಜರ್ ಸಿಕ್ಕರೂ ಅಷ್ಟರಲ್ಲಿ 20 ಯೂನಿಟ್ ತುಂಬುತ್ತದೆ. 24 ಯೂನಿಟ್ ಆಸುಪಾಸಿನ ಸಣ್ಣ ಬ್ಯಾಟರಿಯವರಿಗೆ ಬೀದರಿನ ಚಾರ್ಜ್ ಅನಿವಾರ್ಯ. ಅವರು ಹೊರಡುವ ಮುನ್ನ ಅಲ್ಲಿನ ಎರಡು ಬೇರೆ ಬೇರೆ ಜಾಗಗಳನ್ನು ಗುರುತಿಸಿ ಫೋನ್ ಮಾಡಿ ಕೇಳಿರಬೇಕು.

ಬೀದರ್ ಆದ ಮೇಲೆ ಹೈದರಾಬಾದ್. ಹುಮನಾಬಾದ್‌ನಲ್ಲಿ ನೀವು ಸೇರುವ ರಾಷ್ಟ್ರೀಯ ಹೆದ್ದಾರಿ 65 ಪುಣೆ, ಸೊಲ್ಲಾಪುರದ ಕಡೆಯಿಂದ ಬಂದು ಹೈದರಾಬಾದ್ ದಾಟಿ ವಿಜಯವಾಡಕ್ಕೆ ಹೋಗುವ ದೊಡ್ಡ ದಾರಿ. ಮೊದಲ ಸಲ ಅರ್ಧದಾರಿಯ ಜಹೀರಾಬಾದ್ ಸುತ್ತಮುತ್ತ ಒಮ್ಮೆ ನಿಂತು ಶೇಕಡಾ 80ರವರೆಗೆ ತುಂಬಿಸಿಕೊಳ್ಳಿ. ಲೆಕ್ಕದ ಪ್ರಕಾರ ಬೇಕಾಗಿಲ್ಲದಿದ್ದರೂ ನಗರದೊಳಗೆ ಹೋದ ಮೇಲೆ ಚಾರ್ಜರ್ ಹುಡುಕುವ ಚಿಂತೆ ತಪ್ಪುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಸುತ್ತಲಿನ ಗಾಡಿಗಳ ವೇಗಕ್ಕೆ ಮರುಳಾಗದೆ ಎಡಗಡೆಯ ಪಥಗಳಲ್ಲಿ ನಿಮ್ಮ ವೇಗದಲ್ಲೇ ಹೋಗಿ. 120ರ ವೇಗದಲ್ಲಿ ಚಾರ್ಜ್ ಕರಗುವುದು ಕಣ್ಣಿಗೇ ಕಾಣುತ್ತದೆ.

ಬೆಂಗಳೂರಿನ ದಾರಿ

ಈ ದಾರಿಯ ಕಷ್ಟವೆಲ್ಲ ಮೊದಲ ಅರ್ಧದಲ್ಲೇ ಇದೆ. ಚಿತ್ರದುರ್ಗ ತಲುಪಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರಿದ ಮೇಲೆ ಹಿರಿಯೂರು, ಶಿರಾ, ತುಮಕೂರು ಎಂದು 200 ಕಿ.ಮೀ. ಉದ್ದಕ್ಕೂ ಆಯ್ಕೆಗಳಿವೆ. ಯೋಚಿಸಬೇಕಾದದ್ದು ಕಲಬುರಗಿಯಿಂದ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಕುಷ್ಟಗಿ ಮೂಲಕ ಹೊಸಪೇಟೆಯವರೆಗಿನ ಸುಮಾರು 270 ಕಿ.ಮೀ. ಬಗ್ಗೆ. ಇಲ್ಲಿ ಒಂದು ಫಾಸ್ಟ್ ಚಾರ್ಜರನ್ನು ಮಾತ್ರ ನಂಬಿ ಹೊರಡಬೇಡಿ. ನಕ್ಷೆಯಲ್ಲಿ ಎರಡು ಊರುಗಳಲ್ಲಿ ಎರಡು ಜಾಗಗಳನ್ನು ಗುರುತಿಸಿ, ಮೊದಲನೆಯದರಲ್ಲಿ ಬೇಗನೆ, ಅಂದರೆ ಬ್ಯಾಟರಿಯಲ್ಲಿ ಅರ್ಧದಷ್ಟು ಇರುವಾಗಲೇ ತುಂಬಿಸಿಕೊಳ್ಳಿ. ಅದು ಕೆಲಸ ಮಾಡದಿದ್ದರೆ ಎರಡನೆಯದಕ್ಕೆ ಹೋಗುವ ಶಕ್ತಿ ಇನ್ನೂ ಇರುತ್ತದೆ. ತಿಂಥಣಿಯ ಬಳಿ ಕೃಷ್ಣಾ ನದಿ ದಾಟುವ ಮೊದಲೇ, ಸುರಪುರದ ಈಚೆಗೆ, ಮುಂದುವರಿಯಬೇಕೇ ಇಲ್ಲಿಯೇ ತುಂಬಿಸಿಕೊಳ್ಳಬೇಕೇ ಎಂಬ ತೀರ್ಮಾನ ಆಗಿರಬೇಕು.

ಸಣ್ಣ ಬ್ಯಾಟರಿಯವರು ಜೇವರ್ಗಿಯಿಂದ ಸಿಂದಗಿ ಮೇಲೆ ವಿಜಯಪುರಕ್ಕೆ ಹೋಗಿ, ಅಲ್ಲಿಂದ ಹುನಗುಂದ, ಕುಷ್ಟಗಿ ಮೂಲಕ ಹೊಸಪೇಟೆ ಸೇರಬಹುದು. ಸುತ್ತು ಹೆಚ್ಚಾಗುತ್ತದೆ, ಸುಮಾರು 90 ಕಿ.ಮೀ.; ಆದರೆ ನಡುವೆ ವಿಜಯಪುರದಂತಹ ದೊಡ್ಡ ನಗರ ಸಿಗುತ್ತದೆ. ದೊಡ್ಡ ಊರಿನಲ್ಲಿ ಒಂದು ಚಾರ್ಜರ್ ಕೆಟ್ಟಿದ್ದರೆ ಕಾರಿನ ಷೋರೂಮಿನಲ್ಲೋ ಹೋಟೆಲಿನಲ್ಲೋ ಇನ್ನೊಂದು ಸಿಗುವ ಸಾಧ್ಯತೆ ಹೆಚ್ಚು. ಯಾವ ದಾರಿ ಹಿಡಿದರೂ ಮೊದಲ ಸಲ ಹೊಸಪೇಟೆಯಲ್ಲಿ ರಾತ್ರಿ ತಂಗುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಸಂಜೆ ಹಂಪಿ ನೋಡಲು ಸಿಗುತ್ತದೆ, ರಾತ್ರಿ ಕಾರು ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಪೂರ್ತಿ ಬ್ಯಾಟರಿಯೊಂದಿಗೆ ಬೆಂಗಳೂರಿನ ಕಡೆಗೆ ಹೊರಡಬಹುದು.

ಲಾಡ್ಜ್ ಕಾಯ್ದಿರಿಸುವಾಗ ಕಾರಿನ ಚಾರ್ಜಿಂಗ್ ಇದೆಯೇ ಎಂದು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎಂದೇ ಹೇಳುತ್ತಾರೆ. ಗಾಡಿ ನಿಲ್ಲಿಸುವ ಜಾಗದ ಹತ್ತಿರ 15 ಆಂಪಿಯರಿನ ಪವರ್ ಪ್ಲಗ್, ಅಂದರೆ ಗೀಸರಿಗೆ ಹಾಕುವಂಥ ದೊಡ್ಡ ಮೂರು ಪಿನ್ನಿನ ಪ್ಲಗ್, ಇದೆಯೇ ಎಂದು ಕೇಳಿ. ರಾತ್ರಿಯಿಡೀ ಸುಮಾರು 30 ಯೂನಿಟ್ ಬಳಸುತ್ತೇನೆ, ಅದರ ಹಣ ಬೇರೆಯಾಗಿ ಕೊಡುತ್ತೇನೆ ಎಂದೂ ತಿಳಿಸಿ. ಹೀಗೆ ಮುಂಚಿತವಾಗಿ, ಮರ್ಯಾದೆಯಿಂದ ಕೇಳಿದರೆ ಹಲವರು ಒಪ್ಪುತ್ತಾರೆ. ಯಾರನ್ನೂ ಕೇಳದೆ ಕಾರಿಡಾರಿನ ಪ್ಲಗ್ಗಿಗೆ ಸಿಕ್ಕಿಸುವುದು ತಪ್ಪು, ಅಪಾಯಕರವೂ ಹೌದು: ಕಾರಿನಲ್ಲೇ ಒಯ್ಯುವ ಪೋರ್ಟಬಲ್ ಚಾರ್ಜರ್ ಸುಮಾರು 3.3 ಕಿಲೋವ್ಯಾಟನ್ನು ಹತ್ತು ಹನ್ನೆರಡು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ವೈರಿಂಗ್ ಅದನ್ನು ತಾಳದೆ ಕಾಯುತ್ತದೆ. ಸಿಕ್ಕಿಸಿದ ಅರ್ಧ ಗಂಟೆಯ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಮೊದಲು ಸ್ವಿಚ್ ಬಂದ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ.

ಹೊರಡುವ ಹಿಂದಿನ ವಾರ

ಪೋರ್ಟಬಲ್ ಚಾರ್ಜರ್ ಕೆಲಸ ಮಾಡದಿರುವುದಕ್ಕೆ ನಮ್ಮ ಕಡೆ ಅತಿ ಸಾಮಾನ್ಯ ಕಾರಣ ಅರ್ಥಿಂಗ್. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಅದು ಜೀವ ಕಾಯುವ ವ್ಯವಸ್ಥೆಯಾದ್ದರಿಂದ ಅದನ್ನು ತಪ್ಪಿಸುವ ಅಡ್ಡದಾರಿಯನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಬೇಸಿಗೆಯಲ್ಲಿ ಎರೆ ಭೂಮಿ ಒಣಗಿ ಬಿರುಕು ಬಿಟ್ಟಾಗ ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಕೂಡ ದುರ್ಬಲವಾಗುತ್ತದೆ. ಮನೆಯ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ, ಪರಿಚಯದ ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಅಳೆಸಿ. ಎಕ್ಸ್‌ಟೆನ್ಷನ್ ಒಯ್ಯುವುದಾದರೆ 4 ಚದರ ಮಿಲಿಮೀಟರ್ ತಾಮ್ರದ ವೈರಿನದ್ದನ್ನು ಒಯ್ಯಿರಿ, ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ವೈರು ಒಳಗೊಳಗೇ ಕಾಯುತ್ತದೆ.

ಟಾಟಾ ಪವರ್, ಸ್ಟ್ಯಾಟಿಕ್, ಝಿಯಾನ್, ಚಾರ್ಜ್‌ಝೋನ್, ಜಿಯೋ-ಬಿಪಿ ಮುಂತಾದ ಕಂಪನಿಗಳಿಗೆ ತಮ್ಮ ತಮ್ಮ ಆ್ಯಪ್‌ಗಳಿವೆ. ನಿಮ್ಮ ದಾರಿಯಲ್ಲಿ ಯಾರ ಚಾರ್ಜರುಗಳಿವೆಯೋ ಅವರ ಆ್ಯಪ್ ಮಾತ್ರ ಹಾಕಿಕೊಂಡು, ಮನೆಯಲ್ಲೇ ನೋಂದಣಿ ಮುಗಿಸಿ, ವ್ಯಾಲೆಟ್ಟಿಗೆ ಒಂದಿಷ್ಟು ಹಣ ಹಾಕಿಡಿ; ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಒ.ಟಿ.ಪಿ.ಗಾಗಿ ಕಾಯುವುದು ಬೇಡ. ಇವುಗಳ ಜೊತೆಗೆ ಪ್ಲಗ್‌ಶೇರ್ ಇರಲಿ. ಅದರಲ್ಲಿ ಹಿಂದೆ ಚಾರ್ಜ್ ಮಾಡಿದವರು ಬರೆದ ಟಿಪ್ಪಣಿಗಳಿರುತ್ತವೆ. ಕಳೆದ ವಾರ ಯಾರಾದರೂ ಅಲ್ಲಿ ಯಶಸ್ವಿಯಾಗಿ ಚಾರ್ಜ್ ಮಾಡಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ನಕ್ಷೆಯಲ್ಲಿ ಹಸಿರು ಗುರುತು ಕಂಡ ಮಾತ್ರಕ್ಕೆ ನಂಬಬೇಡಿ. ಪೆಟ್ರೋಲ್ ಬಂಕಿನ ಆವರಣದಲ್ಲಿರುವ ಚಾರ್ಜರ್ ಆದರೆ ಬಂಕಿಗೇ ಫೋನ್ ಮಾಡಿ ಮೂರು ಮಾತು ಕೇಳಿ: ಈಗ ಕರೆಂಟ್ ಇದೆಯೇ, ಈ ಎರಡು ದಿನಗಳಲ್ಲಿ ಯಾರಾದರೂ ಕಾರು ಚಾರ್ಜ್ ಮಾಡಿದರೇ, ರಾತ್ರಿಯೂ ಗೇಟು ತೆರೆದಿರುತ್ತದೆಯೇ. ಬಂಕಿನ ಜನರೇಟರಿಗೆ ಸಾಮಾನ್ಯವಾಗಿ ಚಾರ್ಜರನ್ನು ಜೋಡಿಸಿರುವುದಿಲ್ಲ. ಆದ್ದರಿಂದ ಕರೆಂಟ್ ಇಲ್ಲವೆಂದರೆ ಚಾರ್ಜೂ ಇಲ್ಲ. ಚಾರ್ಜರಿನ ಮಾದರಿ ಸಿ.ಸಿ.ಎಸ್.2 ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಈಗಿನ ಕಾರುಗಳ ಫಾಸ್ಟ್ ಚಾರ್ಜಿಗೆ ಬೇಕಾದದ್ದು ಅದು. ಹಳೆಯ ಕೆಲವು ಸರ್ಕಾರಿ ಚಾರ್ಜರುಗಳ ಗನ್, ಅಂದರೆ ಕಾರಿಗೆ ಸಿಕ್ಕಿಸುವ ಹಿಡಿ, ನಮ್ಮ ಕಾರುಗಳಿಗೆ ಕೂರುವುದಿಲ್ಲ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಿಸಿ. ಹಲವು ಮಾದರಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ನಿಮ್ಮ ಡಿಕ್ಕಿಯಲ್ಲಿ ಏನಿದೆ ಎಂದು ತೆರೆದು ನೋಡಿ. ಇನ್ನೊಂದು ಮುಖ್ಯ ಸಂಗತಿ 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದರೂ ಈ ಸಣ್ಣದು ಸತ್ತಿದ್ದರೆ ಕಾರು ಆನ್ ಆಗುವುದಿಲ್ಲ, ಬಾಗಿಲೂ ತೆರೆಯದಿರಬಹುದು. ಮೂರು ವರ್ಷ ದಾಟಿದ್ದರೆ ಹೊರಡುವ ಮುನ್ನ ಪರೀಕ್ಷಿಸಿ.

ಚಾರ್ಜರಿನ ಮುಂದೆ

ಚಾರ್ಜಿನ ವೇಗವನ್ನು ನಿರ್ಧರಿಸುವುದು ಚಾರ್ಜರ್ ಮತ್ತು ಕಾರು ಇವೆರಡರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದು. 25 ಕಿಲೋವ್ಯಾಟ್ ಮಾತ್ರ ಸ್ವೀಕರಿಸುವ ಕಾರನ್ನು 60 ಕಿಲೋವ್ಯಾಟಿನ ಯಂತ್ರಕ್ಕೆ ಸಿಕ್ಕಿಸಿದರೂ ಬರುವುದು 25. ಎರಡು ಗನ್ನುಗಳಿರುವ 60ರ ಯಂತ್ರದಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ಸಾಮಾನ್ಯವಾಗಿ ತಲಾ 30 ಹಂಚಿಕೆಯಾಗುತ್ತದೆ. 45 ಯೂನಿಟ್ ಬ್ಯಾಟರಿಯನ್ನು ಶೇಕಡಾ 10ರಿಂದ 80ಕ್ಕೆ ತರಲು ಬೇಕಾಗುವುದು 31.5 ಯೂನಿಟ್. 30 ಕಿಲೋವ್ಯಾಟ್ ಸಿಕ್ಕರೆ ಒಂದು ಗಂಟೆಗೆ ಸ್ವಲ್ಪ ಮೇಲೆ. ಶೇಕಡಾ 80ರ ನಂತರ ಚಾರ್ಜ್ ಬಹಳ ನಿಧಾನವಾಗುವುದರಿಂದ ಮುಂದಿನ ಹಾದಿಗೆ ಅಗತ್ಯವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊರಡಿ. ಹಿಂದೆ ಕಾಯುತ್ತಿರುವವರಿಗೂ ಅದರಿಂದ ಅನುಕೂಲ. ಹೊಸಪೇಟೆಯ ದಾರಿಯಂತಹ ವಿರಳ ಹಾದಿಯಲ್ಲಿ ಮಾತ್ರ 90, 95ರವರೆಗೆ ಕಾಯುವುದು ಸರಿ. ಸಾರ್ವಜನಿಕ ಫಾಸ್ಟ್ ಚಾರ್ಜಿನ ದರ ಮನೆಯ ದರಕ್ಕಿಂತ ಸಾಕಷ್ಟು ಹೆಚ್ಚಾಗಿರುತ್ತದೆ, ಅದರ ಮೇಲೆ ತೆರಿಗೆ ಬೇರೆ. ಆದ್ದರಿಂದ ಮನೆಯಿಂದ ಶೇಕಡಾ 100 ತುಂಬಿಸಿಕೊಂಡೇ ಹೊರಡಿ.

ಯಂತ್ರ ಶುರುವಾಗದಿದ್ದರೆ ಕೂಡಲೇ ಸೋಲೊಪ್ಪಿ ಹೊರಡಬೇಡಿ. ಮೊದಲು ಯಂತ್ರದ ಮೇಲಿನ ದೊಡ್ಡ ಕೆಂಪು ಎಮರ್ಜೆನ್ಸಿ ಗುಂಡಿಯನ್ನು ನೋಡಿ. ಯಾರೋ ಒತ್ತಿ ಬಿಟ್ಟುಹೋಗಿರುವುದು ಬಹಳ ಸಾಮಾನ್ಯ, ತಿರುಗಿಸಿದರೆ ಅದು ಹೊರಬರುತ್ತದೆ. ಕಾರನ್ನು ಪೂರ್ತಿ ಆಫ್ ಮಾಡಿ, ಗನ್ ತೆಗೆದು ಒಂದೆರಡು ನಿಮಿಷ ಬಿಟ್ಟು, ಅದರ ಭಾರ ಕೆಳಕ್ಕೆ ಜಗ್ಗದಂತೆ ಕೈಯಲ್ಲಿ ಎತ್ತಿ ಹಿಡಿದು ಮತ್ತೆ ಸಿಕ್ಕಿಸಿ. ಕಾರು ಮತ್ತು ಯಂತ್ರ ಪರಸ್ಪರ ಗುರುತಿಸಿಕೊಳ್ಳುವ ಕೆಲವು ಸೆಕೆಂಡು ಹಾಗೆಯೇ ಹಿಡಿದಿರಿ. ಆಗದಿದ್ದರೆ ಯಂತ್ರದ ಮೇಲೆ ಬರೆದ ಸಹಾಯವಾಣಿಗೆ ಫೋನ್ ಮಾಡಿದರೆ ಅವರು ದೂರದಿಂದಲೇ ಅದನ್ನು ರೀಸ್ಟಾರ್ಟ್ ಮಾಡಬಲ್ಲರು. ಚಾರ್ಜ್ ಮುಗಿದ ಮೇಲೆ ಗನ್ ಹೊರಬರದಿದ್ದರೆ ಎಳೆದಾಡಬೇಡಿ. ಕಾರನ್ನು ಲಾಕ್ ಮಾಡಿ ಮತ್ತೆ ಅನ್‌ಲಾಕ್ ಮಾಡಿ. ಹಲವು ಕಾರುಗಳಲ್ಲಿ ಇದಕ್ಕಾಗಿ ಕೈಯಿಂದ ಎಳೆಯುವ ತುರ್ತು ದಾರವೂ ಇರುತ್ತದೆ. ಅದರ ಜಾಗವನ್ನು ಮ್ಯಾನ್ಯುಯಲ್ ನೋಡಿ ಮೊದಲೇ ತಿಳಿದುಕೊಳ್ಳಿ.

ಈ ಒಂದು ಗಂಟೆಯನ್ನು ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಕಾಯುವಿಕೆ ಎನಿಸುವುದೇ ಇಲ್ಲ. ಚಾರ್ಜರಿನಿಂದ ನಡೆದು ಹೋಗುವಷ್ಟು ಹತ್ತಿರ ರೊಟ್ಟಿ ಖಾನಾವಳಿ ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕಮಲಾಪುರದ ಮೇಲೆ ಹೋಗುವವರು ಅಲ್ಲಿನ ಕೆಂಪು ಬಾಳೆಹಣ್ಣು ಕಂಡರೆ ಮಕ್ಕಳಿಗೆಂದು ಕಟ್ಟಿಸಿಕೊಳ್ಳಿ.

ರಸ್ತೆಯ ಮೇಲೆ

ಹಗಲಿನಲ್ಲೇ ಪ್ರಯಾಣ ಮುಗಿಯುವಂತೆ ಯೋಜಿಸಿ. ಚಳಿಗಾಲ ಬ್ಯಾಟರಿಗೆ ಒಳ್ಳೆಯದಾದರೂ ಅದೇ ಕಾಲದಲ್ಲಿ ಕಬ್ಬು, ತೊಗರಿ ಹೇರಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ರಾತ್ರಿ ರಸ್ತೆಗೆ ಬರುತ್ತವೆ. ಬೀದರ್, ಆಳಂದ ಕಡೆಯಲ್ಲಿ ಇದು ಹೆಚ್ಚು. ಎರೆ ಮಣ್ಣಿನ ಮೇಲಿನ ರಸ್ತೆಗಳು ಕುಸಿದು ಅಲೆಅಲೆಯಾಗಿರುತ್ತವೆ, ಊರು ಬಂದಲ್ಲೆಲ್ಲ ಎತ್ತರದ ಹಂಪುಗಳಿರುತ್ತವೆ. ಬ್ಯಾಟರಿ ಇರುವುದು ಕಾರಿನ ತಳದಲ್ಲಾದ್ದರಿಂದ ಐದು ಜನ ಕೂತಾಗ ಹಂಪನ್ನು ಓರೆಯಾಗಿ, ನಿಧಾನವಾಗಿ ದಾಟಿ. ತಳಕ್ಕೆ ಜೋರಾಗಿ ಏಟು ಬಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಬಂದಿದೆಯೇ ಎಂದು ನೋಡಿ.

ಮಳೆಯಲ್ಲಿ ಓಡಿಸುವುದಕ್ಕೂ ಚಾರ್ಜ್ ಮಾಡುವುದಕ್ಕೂ ಹೆದರಬೇಕಾಗಿಲ್ಲ. ಈಗಿನ ಬಹುತೇಕ ಕಾರುಗಳ ಬ್ಯಾಟರಿ ಪೆಟ್ಟಿಗೆಗೆ ಐ.ಪಿ.67 ದರ್ಜೆ ಇದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ನೀರು ಹೋಗದಂತೆ ಪರೀಕ್ಷಿಸಿದ ದರ್ಜೆ ಅದು. ಆದರೆ ಆ ಪರೀಕ್ಷೆ ನಿಂತ ನೀರಿನದು. ಭೀಮಾ ನದಿ ಉಕ್ಕಿದಾಗ ಸೇತುವೆಗಳ ಮೇಲೆ ಹರಿಯುವ ನೀರು ಯಾವ ಕಾರನ್ನೂ ಎಳೆದೊಯ್ಯುತ್ತದೆ. 2020ರ ಅಕ್ಟೋಬರ್ ತಿಂಗಳ ಪ್ರವಾಹವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೊರಡುವವರು ಕಟ್ಟಿಸಂಗಾವಿ ಸೇತುವೆಯ ಸ್ಥಿತಿ ವಿಚಾರಿಸಿಕೊಂಡೇ ಜೇವರ್ಗಿ ದಾರಿ ಹಿಡಿಯಲಿ. ನೀರು ಬಂದರೆ ಸುತ್ತು ಹಾಕಬೇಕಾಗುತ್ತದೆ. ಆ ಸುತ್ತಿಗೂ ಚಾರ್ಜ್ ಬೇಕು.

ಎಷ್ಟು ಜಾಗ್ರತೆ ವಹಿಸಿದರೂ ಚಾರ್ಜ್ ಸಾಲದು ಎನಿಸಿದರೆ, ಶೇಕಡಾ 15 ಇರುವಾಗಲೇ ತೀರ್ಮಾನ ಮಾಡಿ. ವೇಗವನ್ನು 50ಕ್ಕೆ ಇಳಿಸಿ ಹತ್ತಿರದ ಊರಿಗೆ ಹೋಗಿ, 15 ಆಂಪಿಯರಿನ ಪ್ಲಗ್ ಇರುವ ಕಡೆ, ಉದಾಹರಣೆಗೆ ವೆಲ್ಡಿಂಗ್ ಅಂಗಡಿ, ಹಿಟ್ಟಿನ ಗಿರಣಿ ಅಥವಾ ಲಾಡ್ಜಿನಲ್ಲಿ, ವಿಷಯ ತಿಳಿಸಿ ಹಣ ಕೊಟ್ಟು ಎರಡು ಗಂಟೆ ಚಾರ್ಜ್ ಕೇಳಿ. ಅದರಿಂದ ಸಿಗುವ ಆರು ಯೂನಿಟ್ ನಿಮ್ಮನ್ನು 35ರಿಂದ 40 ಕಿ.ಮೀ. ಮುಂದೆ ಒಯ್ಯುತ್ತದೆ. ಕಾರು ಪೂರ್ತಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದಂತೆ ಮೋಟಾರೂ ತಿರುಗಿ ಹಾನಿಯಾಗುತ್ತದೆ. ಕಂಪನಿಯ ರಸ್ತೆಬದಿ ಸಹಾಯಕ್ಕೆ ಫೋನ್ ಮಾಡಿ, ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕಳುಹಿಸಲು ಸ್ಪಷ್ಟವಾಗಿ ಹೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಯಾವುದೇ ತುರ್ತಿಗೆ 112.

ಮನೆಗೆ ಮರಳಿದ ಕೂಡಲೇ ಚಾರ್ಜರ್ ಸಿಕ್ಕಿಸದೆ ಬ್ಯಾಟರಿ ಒಂದೆರಡು ಗಂಟೆ ತಣಿಯಲಿ. ಪ್ರಯಾಣದ ಒಟ್ಟು ಕಿ.ಮೀ., ಬಳಸಿದ ಶೇಕಡಾವಾರು, ಎಷ್ಟು ಜನ ಇದ್ದಿರಿ, ಬಿಸಿಲು ಎಷ್ಟಿತ್ತು ಎಂಬುದನ್ನು ಜೇವರ್ಗಿಯ ಅಂಕಿಯ ಕೆಳಗೆ ಬರೆಯಿರಿ. ಕೆಟ್ಟಿದ್ದ ಚಾರ್ಜರ್ ಯಾವುದು, ಚೆನ್ನಾಗಿ ನಡೆದದ್ದು ಯಾವುದು ಎಂಬುದನ್ನು ಪ್ಲಗ್‌ಶೇರ್‌ನಲ್ಲಿ ದಿನಾಂಕದೊಂದಿಗೆ ಹಾಕಿ. ಮುಂದಿನ ವಾರ ಶಹಾಪುರದಿಂದಲೋ ಭಾಲ್ಕಿಯಿಂದಲೋ ಹೊರಡುವ ಇನ್ನೊಂದು ಕುಟುಂಬ ಅದನ್ನೇ ನೋಡಿ ದಾರಿ ನಿರ್ಧರಿಸುತ್ತದೆ.